ರದ್ದಿಯ ತಕ್ಕಡಿಯಲ್ಲಿ ನಗರಗಳ ಚರಿತ್ರೆ

ಅಂಚೆಚೀಟಿ, ಹಳೆಯ ನಾಣ್ಯ, ತಾಳೆಗರಿಯ ಹಸ್ತಪ್ರತಿ ಮುಂತಾದವುಗಳನ್ನು ಕೂಡಿಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಕಾಂಕ್ರೀಟು, ಗಾಜು, ಉಕ್ಕುಗಳಿಂದ ಮೇಲೆದ್ದ ಇಪ್ಪತ್ತನೆಯ ಶತಮಾನದ ಕಟ್ಟಡಗಳನ್ನು ಕುರಿತ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಅರಸಿ ಸಂಗ್ರಹಿಸುವವರು ವಿರಳ. ಕಟ್ಟಡವೇ ಕಣ್ಣೆದುರು ನಿಂತಿರುವಾಗ ಅದರ ಹಳೆಯ ಚಿತ್ರ, ಹಳೆಯ ನಕ್ಷೆಗಳಿಂದ ಪ್ರಯೋಜನವೇನು ಎಂಬ ಪ್ರಶ್ನೆ ಯಾರಲ್ಲಾದರೂ ಏಳುವುದು ಸಹಜ.

ಈ ಪ್ರಶ್ನೆಗೆ ದೆಹಲಿ ನಗರವೇ ಉತ್ತರ ನೀಡಿದೆ. 1972ರಲ್ಲಿ ಪ್ರಗತಿ ಮೈದಾನದ ಅಂತಾರಾಷ್ಟ್ರೀಯ ವ್ಯಾಪಾರ ಮೇಳಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಹಾಗೂ ಎಂಜಿನಿಯರ್ ಮಹೇಂದ್ರ ರಾಜ್ ಇವರು ‘ಹಾಲ್ ಆಫ್ ನೇಷನ್ಸ್’ ಎಂಬ ಭವ್ಯ ಪ್ರದರ್ಶನ ಮಂದಿರವನ್ನು ನಿರ್ಮಿಸಿದರು. ಅನ್ಯದೇಶಗಳಲ್ಲಿ ಉಕ್ಕಿನಿಂದ ಜೋಡಿಸುವ ಜಾಲರಿಯಂತಹ ಚೌಕಟ್ಟನ್ನು, ಉಕ್ಕು ದುರ್ಲಭವಾಗಿದ್ದ ಆ ಕಾಲದಲ್ಲಿ, ಸ್ಥಳದಲ್ಲಿಯೇ ಕಾಂಕ್ರೀಟು ಹೊಯ್ದು ನಿಲ್ಲಿಸಿದ ಸಾಹಸವದು. 2017ರ ಏಪ್ರಿಲ್ ತಿಂಗಳಲ್ಲಿ ಅದನ್ನು ನೆಲಸಮ ಮಾಡಲಾಯಿತು. ಆ ಮಂದಿರದ ಆಯುಷ್ಯ 45 ವರ್ಷ. ಒಬ್ಬ ನೌಕರನ ಸೇವಾವಧಿಗಿಂತ ತುಸು ಹೆಚ್ಚು, ಅಷ್ಟೆ. ಇಂದು ಅದನ್ನು ಕಾಣಬಯಸುವವನು ನಕ್ಷೆ, ಛಾಯಾಚಿತ್ರ ಮತ್ತು ಅಂದಿನ ಪತ್ರಿಕೆಗಳ ಪುಟಗಳನ್ನೇ ಆಶ್ರಯಿಸಬೇಕು. ಕಟ್ಟಡಕ್ಕಿಂತ ಕಾಗದವೇ ದೀರ್ಘಾಯುವಾಗುವ ಈ ವೈಚಿತ್ರ್ಯವೇ ಸಂಗ್ರಾಹಕನ ಕೆಲಸಕ್ಕೆ ಅರ್ಥ ಕೊಡುವುದು. ಆದರೆ ಆ ಕಾಗದವೂ ಯಾರಾದರೂ ಕಾಪಾಡಿದರೆ ಮಾತ್ರ ಉಳಿಯುತ್ತದೆ.

ಮುಂಬಯಿಯ ‘ಮಾರ್ಗ್’

ಭಾರತದಲ್ಲಿ ಇಂತಹ ಸಂಗ್ರಹವನ್ನು ಆರಂಭಿಸುವವನು ಮೊದಲು ಅರಸಬೇಕಾದುದು ‘ಮಾರ್ಗ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು. 1946ರ ಅಕ್ಟೋಬರಿನಲ್ಲಿ, ಸ್ವಾತಂತ್ರ್ಯಕ್ಕೆ ಹತ್ತು ತಿಂಗಳು ಮೊದಲು, ಈ ಪತ್ರಿಕೆ ಮುಂಬಯಿಯಲ್ಲಿ ಜನ್ಮತಾಳಿತು. ಸಂಪಾದಕರು ಪ್ರಸಿದ್ಧ ಕಾದಂಬರಿಕಾರ ಮುಲ್ಕ್ ರಾಜ್ ಆನಂದ್. ಬೆಂಬಲವಾಗಿ ನಿಂತವರು ಜೆ. ಆರ್. ಡಿ. ಟಾಟಾ. ಮಾಡರ್ನ್ ಆರ್ಕಿಟೆಕ್ಚರಲ್ ರಿಸರ್ಚ್ ಗ್ರೂಪ್ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಮಾರ್ಗ್’ ಆಯಿತು. ಕನ್ನಡ ಕಿವಿಗೂ ಅರ್ಥ ಹೊಳೆಯುವ ಹೆಸರದು. ಸ್ವತಂತ್ರಗೊಳ್ಳಲಿದ್ದ ದೇಶವು ತನ್ನ ಮನೆ, ಶಾಲೆ, ಕಾರ್ಖಾನೆ, ನಗರಗಳನ್ನು ಹೇಗೆ ಕಟ್ಟಿಕೊಳ್ಳಬೇಕೆಂಬ ಚಿಂತನೆ ಅದರ ಆರಂಭದ ಪುಟಗಳಲ್ಲಿ ತುಂಬಿದೆ. ಕಾಲಕ್ರಮೇಣ ಪತ್ರಿಕೆಯು ಶಿಲ್ಪ, ಚಿತ್ರ, ನೃತ್ಯಗಳ ಕಡೆಗೆ ಹೆಚ್ಚು ಒಲಿಯಿತಾದ್ದರಿಂದ, ವಾಸ್ತುಶಿಲ್ಪಕ್ಕೆ ಪ್ರಾಧಾನ್ಯವಿದ್ದ ಮೊದಲ ವರ್ಷಗಳ ಸಂಚಿಕೆಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಆದರವಿದೆ. 1961ರ ಡಿಸೆಂಬರಿನ ಚಂಡೀಗಢ ಸಂಚಿಕೆಯೂ ಆ ಸಾಲಿಗೆ ಸೇರುತ್ತದೆ.

1965ರ ಜೂನ್ ಸಂಚಿಕೆಯ ಕಥೆ ಇನ್ನೂ ಸ್ವಾರಸ್ಯಕರ. ಮುಂಬಯಿಯ ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾಗಿದ್ದ ಸಮಯವದು. ದಕ್ಷಿಣೋತ್ತರವಾಗಿ ಮಾತ್ರ ಬೆಳೆಯುತ್ತಿದ್ದ ನಗರವನ್ನು ಕೊಲ್ಲಿಯಾಚೆಯ ಪೂರ್ವದ ನೆಲಕ್ಕೆ ಹರಡಬೇಕು, ಅಲ್ಲಿ ಅವಳಿ ನಗರವೊಂದನ್ನು ಕಟ್ಟಬೇಕು ಎಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ಸೂಚಿಸಿದ್ದರು. ಆ ಸೂಚನೆ ನಕ್ಷೆಗಳೊಡನೆ ವಿಸ್ತಾರವಾಗಿ ಪ್ರಕಟವಾದದ್ದು ಈ ಸಂಚಿಕೆಯಲ್ಲಿ. ಐದು ವರ್ಷಗಳ ತರುವಾಯ, 1970ರಲ್ಲಿ, ಮಹಾರಾಷ್ಟ್ರ ಸರಕಾರವು ‘ಸಿಡ್ಕೋ’ ನಿಗಮವನ್ನು ಸ್ಥಾಪಿಸಿತು; ನವಿ ಮುಂಬಯಿ ಮೈದಳೆಯಿತು. ಇಂದು ವಾಶಿ, ನೆರೂಲ್, ಬೇಲಾಪುರಗಳಲ್ಲಿ ಮನೆ ಮಾಡಿರುವ ಕನ್ನಡ ಕುಟುಂಬಗಳ ಮಟ್ಟಿಗೆ ಆ ಸಂಚಿಕೆಯು ಒಂದು ಬಗೆಯ ಜನ್ಮಪತ್ರಿಕೆಯೇ ಸರಿ. ತನ್ನ ಮನೆಯ ಕರಾರುಪತ್ರವನ್ನು ಕಪಾಟಿನಲ್ಲಿ ಬೀಗ ಹಾಕಿ ಕಾಪಾಡುವ ಗೃಹಸ್ಥನು, ತನ್ನ ಊರಿನ ಮೂಲಪತ್ರವು ರದ್ದಿಯ ಅಂಗಡಿಯಲ್ಲಿ ತೂಗಲ್ಪಡುವುದನ್ನು ಬಲ್ಲನೇ?

ಮೈಸೂರು ಸಂಸ್ಥಾನದ ಕೊಂಡಿ

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಯೆಹೂದ್ಯರೆಂಬ ಕಾರಣದಿಂದ 1933ರಲ್ಲಿ ಜರ್ಮನಿಯಲ್ಲಿ ಉದ್ಯೋಗ ಕಳೆದುಕೊಂಡ ತರುಣ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, ಈಜಿಪ್ತಿನಲ್ಲಿ ಕೆಲವು ವರ್ಷ ಕಳೆದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಳಿಯನಾದ ಈತನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಎಂಜಿನಿಯರಿಂಗ್ ವಿಭಾಗ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಮುಂತಾದವುಗಳನ್ನು ರೂಪಿಸಿದರು. ಜಮಶೇದ್‌ಪುರ, ಭುವನೇಶ್ವರಗಳಿಗೆ ನಗರ ಯೋಜನೆ ಸಿದ್ಧಪಡಿಸಿದರು. ‘ಮಾರ್ಗ್’ ಪತ್ರಿಕೆಯ ಆರಂಭಕಾಲದ ಬಳಗದಲ್ಲಿ ಇವರೂ ಒಬ್ಬರು. ಬಿಸಿಲು, ಗಾಳಿ, ಮಳೆಗಳಿಗೆ ತಕ್ಕ ಮನೆ ಕಟ್ಟುವುದನ್ನು ಕುರಿತು ಇವರು ಸಹಲೇಖಕರೊಡನೆ ಬರೆದು 1970ರ ದಶಕದಲ್ಲಿ ಹೊರಬಂದ ಉಷ್ಣವಲಯದ ಗೃಹನಿರ್ಮಾಣ ಕೈಪಿಡಿಯು ಭಾರತದ ವಿದ್ಯಾರ್ಥಿಗಳ ಕೈಯಲ್ಲಿ ಪಠ್ಯದಂತೆ ಓಡಾಡಿದ ಗ್ರಂಥ. ದುಬಾರಿ ಪುಸ್ತಕಗಳನ್ನು ಕೊಳ್ಳಲಾರದ ಕನ್ನಡಿಗನು ಇಂತಹ ಕೃತಿಯಿಂದಲೇ ತನ್ನ ಸಂಗ್ರಹವನ್ನು ಆರಂಭಿಸಬಹುದು.

ಹೊರದೇಶಗಳ ಮಹಾಗ್ರಂಥಗಳು

ಪಾಶ್ಚಾತ್ಯ ದೇಶಗಳಲ್ಲಿ ಆಧುನಿಕ ವಾಸ್ತುಶಿಲ್ಪವು ಇಟ್ಟಿಗೆಯಿಂದ ಹರಡಿದಷ್ಟೇ ಮುದ್ರಣದಿಂದಲೂ ಹರಡಿತು. ಲ ಕಾರ್ಬುಸಿಯೆ 1920ರಿಂದ 1925ರವರೆಗೆ ಮಿತ್ರರೊಡನೆ ಪ್ಯಾರಿಸಿನಲ್ಲಿ ನಡೆಸಿದ ‘ಲೆಸ್ಪ್ರಿ ನೂವೋ’ ಪತ್ರಿಕೆಯ 28 ಸಂಚಿಕೆಗಳು ಹೊರಬಂದವು. ಅದರ ಲೇಖನಗಳೇ 1923ರಲ್ಲಿ ಗ್ರಂಥರೂಪ ತಾಳಿ, 1927ರಲ್ಲಿ ‘ಟುವರ್ಡ್ಸ್ ಎ ನ್ಯೂ ಆರ್ಕಿಟೆಕ್ಚರ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂದವು. ಜರ್ಮನಿಯ ಬೌಹೌಸ್ ಶಾಲೆ 1925ರಿಂದ 1930ರೊಳಗೆ 14 ಪುಸ್ತಕಗಳ ಮಾಲೆಯನ್ನು ಹೊರತಂದಿತು. ಶಾಲೆ 1933ರಲ್ಲಿ ಮುಚ್ಚಿತು, ಪುಸ್ತಕಗಳು ಉಳಿದವು.

ಕೆಲವು ಗ್ರಂಥಗಳ ದುರ್ಲಭತೆಗೆ ಆಕಸ್ಮಿಕವೂ ಕಾರಣ. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಅವರ ನಕ್ಷೆಗಳನ್ನು ಬರ್ಲಿನ್ನಿನ ವಾಸ್ಮುತ್ ಪ್ರಕಾಶನವು 1910-11ರಲ್ಲಿ 100 ಚಿತ್ರಫಲಕಗಳ ಸಂಪುಟವಾಗಿ ಅಚ್ಚುಹಾಕಿತು. ಅಮೆರಿಕದಲ್ಲಿ ಮಾರುವುದಕ್ಕೆಂದು ತರಿಸಿ ರೈಟ್ ತಮ್ಮ ಮನೆಯಲ್ಲಿಟ್ಟಿದ್ದ ಪ್ರತಿಗಳಲ್ಲಿ ಬಹುಪಾಲು 1914ರ ಅಗ್ನಿ ಅನಾಹುತದಲ್ಲಿ ಸುಟ್ಟುಹೋದವು. ಇಂತಹ ಗ್ರಂಥಗಳು ಸಂಬಳದಾರನ ಕೈಗೆ ಎಟಕುವಂತಹವಲ್ಲ. ಇವುಗಳ ಮರುಮುದ್ರಣಗಳು ಸುಲಭವಾಗಿ ದೊರೆಯುತ್ತವೆ. ಓದಿಗೆ ಅವು ಸಾಕು.

ಬೆಲೆ ಬೇರೆ, ಮೌಲ್ಯ ಬೇರೆ

ಲೆಕ್ಕಶಾಸ್ತ್ರ ಕಲಿತವರು ಬೆಲೆ ಮತ್ತು ಮೌಲ್ಯಗಳ ಅಂತರವನ್ನು ಬಲ್ಲರು. ಚಂಡೀಗಢದ ಸರಕಾರಿ ಕಚೇರಿಗಳಿಗಾಗಿ ಪಿಯೇರ್ ಜಾನ್ನರೆ ಅವರ ಕಾಲದಲ್ಲಿ ರೂಪುಗೊಂಡ ತೇಗದ ಕುರ್ಚಿಗಳು, ಹಳತಾದುವೆಂದು ಮೂಟೆಗಟ್ಟಿ ಹರಾಜಾಗಿ, ಮುಂದೆ ವಿದೇಶದ ಹರಾಜುಕಟ್ಟೆಗಳಲ್ಲಿ ಲಕ್ಷಾಂತರ ರೂಪಾಯಿಗಳಿಗೆ ಮಾರಾಟವಾದದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ. ಕಾಗದದ ಗತಿಯೂ ಅದೇ. ಹಿರಿಯ ವಾಸ್ತುಶಿಲ್ಪಿಯೊಬ್ಬರು ತೀರಿಕೊಂಡ ಮೇಲೆ, ಮನೆ ಖಾಲಿ ಮಾಡುವ ಅವಸರದಲ್ಲಿ ಜೀವಮಾನದ ಸಂಗ್ರಹವು ಕಿಲೋ ಲೆಕ್ಕದಲ್ಲಿ ರದ್ದಿವಾಲನ ಕೈಸೇರುವುದು ಮಹಾನಗರಗಳಲ್ಲಿ ಅಪರೂಪವಲ್ಲ.

ಹಾಗೆಂದು ಲಾಭದ ಆಸೆಯಿಂದ ಈ ದಾರಿಗೆ ಇಳಿಯುವುದು ವಿವೇಕವಲ್ಲ. ಹಳೆಯ ಪುಸ್ತಕಕ್ಕೆ ಬಡ್ಡಿಯಿಲ್ಲ, ಅವಧಿ ಮುಗಿದ ದಿನ ಹಣ ಕೊಡುವ ಕೌಂಟರೂ ಇಲ್ಲ. ಕೊಳ್ಳುವವನು ದೊರೆತಾಗಲೇ ಬೆಲೆ. ಸಂಗ್ರಾಹಕನು ಗಮನಿಸಬೇಕಾದ ಅಂಶಗಳು ಇವು:

1. ಮುದ್ರಣದ ವರ್ಷ, ಆವೃತ್ತಿ, ಸಂಪುಟ ಮತ್ತು ಸಂಚಿಕೆಯ ಸಂಖ್ಯೆಗಳನ್ನು ಒಳಪುಟದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಮರುಮುದ್ರಣಕ್ಕೆ ಮೊದಲ ಮುದ್ರಣದ ಬೆಲೆ ತೆರಬಾರದು.

2. ಪುಟಗಳನ್ನು ಎಣಿಸಬೇಕು. ಮಡಿಚಿಟ್ಟ ನಕ್ಷೆಗಳನ್ನು ಯಾರಾದರೂ ಹರಿದುಕೊಂಡಿರುವುದು ಸಾಮಾನ್ಯ.

3. ಸಂಚಿಕೆಗಳನ್ನು ಕೂಡಿಸಿ ರಟ್ಟು ಕಟ್ಟಿಸುವಾಗ ಜಾಹೀರಾತಿನ ಪುಟಗಳನ್ನು ಕಿತ್ತೊಗೆಯುವ ರೂಢಿಯಿತ್ತು. ಸಿಮೆಂಟು, ಲಿಫ್ಟು, ಪಂಖಗಳ ಆ ಜಾಹೀರಾತುಗಳೇ ಅಂದಿನ ಕಟ್ಟಡ ಉದ್ಯಮದ ಸಾಕ್ಷಿ. ಅವು ಉಳಿದಿರುವ ಬಿಡಿಸಂಚಿಕೆ ಹೆಚ್ಚು ಉಪಯುಕ್ತ.

4. ಗ್ರಂಥಾಲಯದ ಮುದ್ರೆಯಿದ್ದರೆ ಅದನ್ನು ಕ್ರಮಬದ್ಧವಾಗಿ ವಿಲೇವಾರಿ ಮಾಡಿದ ಗುರುತೂ ಇದೆಯೇ ಎಂದು ನೋಡಬೇಕು. ಕದ್ದ ಪುಸ್ತಕ ಸಂಗ್ರಹಕ್ಕೆ ಕಳಂಕ.

5. ಕೊಂಡ ದಿನಾಂಕ, ಸ್ಥಳ, ಬೆಲೆ, ಪ್ರತಿಯ ಸ್ಥಿತಿಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು. ವಹಿಯಿಲ್ಲದ ಸಂಗ್ರಹವು ಲೆಕ್ಕವಿಲ್ಲದ ಅಂಗಡಿಯಂತೆ.

ಹುಡುಕಾಟಕ್ಕೆ ಪ್ರತಿ ನಗರದಲ್ಲೂ ತಾಣಗಳಿವೆ. ಮುಂಬಯಿಯ ಫ್ಲೋರಾ ಫೌಂಟನ್ ಸುತ್ತಲಿನ ಪಾದಚಾರಿ ಮಾರ್ಗದ ಪುಸ್ತಕದಂಗಡಿಗಳು, ಹೈದರಾಬಾದಿನ ಆಬಿಡ್ಸ್‌ನ ಭಾನುವಾರದ ಸಾಲು, ಪುಣೆಯ ಅಪ್ಪಾ ಬಳವಂತ ಚೌಕ ಪ್ರಸಿದ್ಧವಾದವು. ದೆಹಲಿಯ ದರಿಯಾಗಂಜದ ಭಾನುವಾರದ ಪುಸ್ತಕ ಸಂತೆ 2019ರಲ್ಲಿ ಮಹಿಳಾ ಹಾಟ್‌ಗೆ ಸ್ಥಳಾಂತರಗೊಂಡಿತು. ಚೆನ್ನೈಯ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂತಹ ಸ್ಥಳಗಳೂ ಕಟ್ಟಡಗಳಂತೆಯೇ ಶಾಶ್ವತವಲ್ಲ.

ಕಾಗದದ ಆರೋಗ್ಯ, ಸಂಗ್ರಾಹಕನ ಆರೋಗ್ಯ

ಕಡಲತೀರದ ನಗರಗಳಲ್ಲಿ ಪುಸ್ತಕದ ಪ್ರಥಮ ಶತ್ರು ತೇವಾಂಶ. ಚಿತ್ರಗಳಿಗಾಗಿ ಬಳಸುವ ಹೊಳಪಿನ ಆರ್ಟ್ ಕಾಗದವು ಒದ್ದೆಯಾಗಿ ಒಣಗಿದರೆ ಪುಟಕ್ಕೆ ಪುಟ ಅಂಟಿಕೊಂಡು ಕಲ್ಲಿನಂತಾಗುತ್ತದೆ. ಬಿಡಿಸಹೋದರೆ ಚಿತ್ರವೇ ಕಿತ್ತುಬರುತ್ತದೆ. ಆದ್ದರಿಂದ ಕಪಾಟನ್ನು ಹೊರಗೋಡೆಗೆ ತಾಗಿಸದೆ, ನೆಲದಿಂದ ಮೇಲೆತ್ತಿ, ಗಾಳಿಯಾಡುವಂತೆ ಇಡಬೇಕು. ಬಿಸಿಲಿಗೆ ಹರವುವುದರಿಂದ ಬಣ್ಣ ಮಾಸುತ್ತದೆ, ಕಾಗದ ಸೆಡೆಯುತ್ತದೆ. ಅಂಟುಪಟ್ಟಿಯಿಂದ ಹರಿದ ಪುಟ ಜೋಡಿಸಿದರೆ ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಉಳಿಯುವುದು ಖಂಡಿತ. ಮಳೆಗಾಲದಲ್ಲಿ ತುಕ್ಕು ಹಿಡಿಯುವ ಪಿನ್ನುಗಳನ್ನು ಮೆಲ್ಲನೆ ತೆಗೆದು ಹತ್ತಿಯ ದಾರದಿಂದ ಹೊಲಿಯುವುದು ಕ್ಷೇಮ.

ಸಂಗ್ರಾಹಕನು ತನ್ನ ದೇಹವನ್ನೂ ಮರೆಯಬಾರದು. ಹಳೆಯ ಪುಸ್ತಕಗಳ ಧೂಳು ಮತ್ತು ಬೂಷ್ಟು ಸೀನು, ಕಣ್ಣುರಿ, ಕೆಮ್ಮುಗಳನ್ನು ತರಬಲ್ಲವು. ಉಬ್ಬಸ ಉಳ್ಳವರಿಗೆ ಅವು ಅಪಾಯಕಾರಿ. ಬೂಷ್ಟು ಹಿಡಿದ ಪ್ರತಿಯನ್ನು ಮೂಗು ಬಾಯಿ ಮುಚ್ಚುವ ಮಾಸ್ಕ್ ಧರಿಸಿ ಮನೆಯ ಹೊರಗೆ ಒರೆಸಬೇಕು. ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಹುಳುಗಳಿಗೆಂದು ಇಡುವ ನ್ಯಾಫ್ತಲೀನ್ ಗುಳಿಗೆಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅದರ ಆವಿಯು ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಒಂದೇ ಕೋಣೆಯಲ್ಲಿ ಪುಸ್ತಕವೂ ತೊಟ್ಟಿಲೂ ಇರುವ ಮಹಾನಗರದ ಮನೆಯಲ್ಲಿ ಆ ಗುಳಿಗೆಗೆ ಸ್ಥಳವಿರಬಾರದು. ತಿಂಗಳಿಗೊಮ್ಮೆ ಪುಸ್ತಕ ತೆಗೆದು ಒಣಬಟ್ಟೆಯಿಂದ ಒರೆಸುವುದಕ್ಕಿಂತ ಮಿಗಿಲಾದ ಕೀಟನಾಶಕವಿಲ್ಲ.

ಮುಂದಿನ ಕೈಗೆ

ಸಂಗ್ರಹದ ನಿಜವಾದ ಪರೀಕ್ಷೆ ಸಂಗ್ರಾಹಕನ ಕಾಲಾನಂತರ ನಡೆಯುತ್ತದೆ. ಹಣಕ್ಕೂ ಒಡವೆಗೂ ನಾಮನಿರ್ದೇಶನ ಮಾಡುವವರು ಪುಸ್ತಕಗಳ ವಿಷಯದಲ್ಲಿ ಮೌನ ವಹಿಸುತ್ತಾರೆ. ಆ ಮೌನದ ಫಲವೇ ರದ್ದಿಯ ತಕ್ಕಡಿ. ಬದುಕಿರುವಾಗಲೇ ವಹಿಯ ಒಂದು ಪ್ರತಿಯನ್ನು ಮನೆಯವರಿಗೆ ಕೊಟ್ಟು, ಯಾವ ಪುಸ್ತಕ ಯಾವ ಕಾಲೇಜಿಗೆ ಅಥವಾ ಗ್ರಂಥಾಲಯಕ್ಕೆ ಹೋಗಬೇಕೆಂದು ಬರೆದಿಡುವುದು, ಆ ಸಂಸ್ಥೆಯು ಸ್ವೀಕರಿಸುವುದೇ ಎಂದು ಮೊದಲೇ ಪತ್ರಮುಖೇನ ಕೇಳಿಕೊಳ್ಳುವುದು ಅವಶ್ಯ.

ಕನ್ನಡ ಸಂಘಗಳೂ ಈ ಕಾರ್ಯದಲ್ಲಿ ನೆರವಾಗಬಹುದು. ಬಹುತೇಕ ಸಂಘಗಳಲ್ಲಿ ಕಥೆ, ಕಾದಂಬರಿಗಳ ಕಪಾಟಿದೆ. ಅದರ ಪಕ್ಕದಲ್ಲಿ, ಕನ್ನಡಿಗರು ಬಂದು ನೆಲೆಸಿದ ಈ ನಗರಗಳು ಹೇಗೆ ಬೆಳೆದವೆಂಬುದನ್ನು ತಿಳಿಸುವ ಒಂದು ಕಪಾಟನ್ನು ಇಡಬಹುದು. ಹೊಸ ಊರಿಗೆ ಬಂದವನು ಅಲ್ಲಿ ಬಾಡಿಗೆದಾರನಾಗಿ ಬಾಳಬಹುದು, ಊರಿನವನಾಗಿಯೂ ಬಾಳಬಹುದು. ಊರಿನವನಾಗಬಯಸುವವನು ಆ ಊರಿನ ಹಳೆಯ ಕಾಗದವನ್ನು ಕಂಡಾಗ, ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆರೆದು ನೋಡಲಿ.