ಯುಗಾದಿಯ ಎಣ್ಣೆ, ದೀಪಾವಳಿಯ ಬಿಸಿನೀರು

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಹಳ್ಳಿಗಳಲ್ಲಿ ವರ್ಷಕ್ಕೆ ಎರಡು ಬೆಳಗು ಮಕ್ಕಳು ತಪ್ಪಿಸಿಕೊಳ್ಳುವಂತಿಲ್ಲ. ಒಂದು ಯುಗಾದಿ, ಇನ್ನೊಂದು ನರಕ ಚತುರ್ದಶಿ. ಬಚ್ಚಲು ಮನೆಯಲ್ಲಿ ಹಂಡೆಯ ನೀರು ಕುದಿಯುತ್ತಿರುತ್ತದೆ. ಅಂಗೈ ತುಂಬ ಹರಳೆಣ್ಣೆ ಹಿಡಿದ ಅಜ್ಜಿ ನೆತ್ತಿ ತಟ್ಟುತ್ತಾಳೆ. ‘ಕಣ್ಣುರಿ’ ಎಂದು ಮೊಮ್ಮಗ ಕೊಸರಾಡಿದರೆ, ‘ಸುಮ್ಕಿರು ಮಗ, ಉಷ್ಣ ಇಳೀತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಪಂಚಾಂಗವನ್ನು ಗಮನಿಸಿದರೆ ಈ ಎರಡು ಅಭ್ಯಂಜನಗಳೂ ಋತುಗಳ ಸಂಧಿಯಲ್ಲಿ ಬರುವುದು ಕಾಣುತ್ತದೆ. ಯುಗಾದಿಯ ವೇಳೆಗೆ ಚಳಿ ಮುಗಿದು ಬಿಸಿಲು ಏರುತ್ತಿರುತ್ತದೆ. ದೀಪಾವಳಿಯ ವೇಳೆಗೆ ಮಳೆ ಹಿಂದೆ ಸರಿದು ಚಳಿ ಕಾಲಿಡುತ್ತದೆ. ಕಾಲ ಬದಲಾದಾಗ ತಲೆಯ ಆರೈಕೆಯೂ ಬದಲಾಗಬೇಕೆಂಬ ತಿಳಿವಳಿಕೆ ಹಬ್ಬದ ರೂಪದಲ್ಲಿ ಉಳಿದುಬಂದಿದೆ. ಆದರೆ ವರ್ಷದ ಉಳಿದ ದಿನಗಳಲ್ಲಿ ಏನು ಮಾಡಬೇಕು? ಶಾಲೆ, ಕಾಲೇಜು, ಬಸ್ಸು, ಹಾಸ್ಟೆಲುಗಳ ನಡುವೆ ಓಡಾಡುವ ಮಕ್ಕಳ ತಲೆಯನ್ನು ಯಾವ ಕಾಲದಲ್ಲಿ ಹೇಗೆ ನೋಡಿಕೊಳ್ಳಬೇಕು?

ಉದುರುವುದೂ ಒಂದು ಕ್ರಮ

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡು ಗಾಬರಿಪಡಬೇಕಾಗಿಲ್ಲ.

ಋತುವಿಗೂ ಕೂದಲಿಗೂ ನಂಟಿರುವುದನ್ನು ವಿಜ್ಞಾನಿಗಳೂ ಗುರುತಿಸಿದ್ದಾರೆ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಆರು ವರ್ಷಗಳ ಅವಧಿಯಲ್ಲಿ 823 ಮಹಿಳೆಯರ ಕೂದಲನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ರಾಂತಿ ಹಂತದ ಕೂದಲುಗಳ ಪ್ರಮಾಣ ಜುಲೈನಲ್ಲಿ ಅತಿ ಹೆಚ್ಚಿತ್ತು. ಆದರೆ ಅದನ್ನು ನಮ್ಮೂರಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಜೂರಿಕ್‌ನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಏಳು ಗಂಟೆಗಿಂತ ಹೆಚ್ಚು ಅಂತರವಿದೆ. ಮಂಡ್ಯ ಜಿಲ್ಲೆಯಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮಲ್ಲಿ ಹಗಲಿನ ಉದ್ದಕ್ಕಿಂತ ಬೆವರು, ದೂಳು, ತೇವ, ಜ್ವರ, ಊಟ ಇವುಗಳ ಪ್ರಭಾವವನ್ನೇ ಮೊದಲು ಗಮನಿಸಬೇಕು.

ಬೇಸಿಗೆ: ಬೆವರು ಮತ್ತು ಪರೀಕ್ಷೆ

ಮಾರ್ಚ್‌ನಿಂದ ಮೇವರೆಗೆ ಬಿಸಿಲು, ಬೆವರು. ಇದೇ ಕಾಲಕ್ಕೆ ಪರೀಕ್ಷೆಗಳೂ ಬರುತ್ತವೆ. ಪರೀಕ್ಷೆ ಮುಗಿಯುವತನಕ ತಲೆಸ್ನಾನ ಬೇಡ, ಶೀತವಾದೀತು ಎಂದು ತಡೆಯುವ ತಾಯಂದಿರಿದ್ದಾರೆ. ತಲೆಸ್ನಾನದಿಂದ ನೆಗಡಿ ಬರುವುದಿಲ್ಲ. ನೆಗಡಿಗೆ ವೈರಸ್ ಕಾರಣ. ಬೆವರು, ದೂಳು, ಎಣ್ಣೆ ಸೇರಿ ಕುಳಿತ ನೆತ್ತಿ ಮಾತ್ರ ಕೆರೆಯುತ್ತದೆ, ಸಣ್ಣ ಗುಳ್ಳೆಗಳೇಳುತ್ತವೆ. ಈ ಕಾಲದಲ್ಲಿ ವಾರಕ್ಕೆ ಎರಡು ಮೂರು ಬಾರಿ ತಲೆ ತೊಳೆಯುವುದು ಒಳ್ಳೆಯದು. ಎಣ್ಣೆ ಹಚ್ಚುವುದಾದರೆ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿದರೆ ಸಾಕು. ಜಿಡ್ಡು ತಲೆಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತರೆ ರಸ್ತೆಯ ದೂಳೆಲ್ಲ ಕೂದಲಿಗೇ ಅಂಟುತ್ತದೆ.

ಎಣ್ಣೆಯಿಂದ ಕೂದಲು ಬೆಳೆಯುತ್ತದೆ ಎಂಬ ನಂಬಿಕೆಗೆ ಗಟ್ಟಿಯಾದ ಆಧಾರವಿಲ್ಲ. ಆದರೆ ಇರುವ ಕೂದಲನ್ನು ಕಾಪಾಡುವ ಗುಣ ಕೊಬ್ಬರಿ ಎಣ್ಣೆಗಿದೆ. ತೊಳೆಯುವ ಮುನ್ನ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನೊಳಗಿನ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಗೆ ಈ ಗುಣವಿಲ್ಲ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಇದನ್ನು ನಡೆಸಿದವರು ಮುಂಬೈಯ ಎಣ್ಣೆ ಕಂಪನಿಯೊಂದರ ಸಂಶೋಧಕರು ಎಂಬುದನ್ನೂ ನೆನಪಿಡಬೇಕು. ಹರಳೆಣ್ಣೆ ತೀರಾ ಮಂದ. ಅದಕ್ಕೆ ಕೊಬ್ಬರಿ ಎಣ್ಣೆ ಬೆರೆಸಿದರೆ ಹಚ್ಚುವುದೂ ತೊಳೆಯುವುದೂ ಸುಲಭ.

ಬೋರ್‌ವೆಲ್ ನೀರಿನ ತಕರಾರು

ತಾಲ್ಲೂಕಿನಲ್ಲಿ ಹೇಮಾವತಿ ಹರಿದರೂ ಎಷ್ಟೋ ಮನೆಗಳ ಬಚ್ಚಲಿಗೆ ಬರುವುದು ಬೋರ್‌ವೆಲ್ ನೀರು. ಅದು ಗಡಸಾಗಿದ್ದರೆ ಸೋಪು ನೊರೆ ಕೊಡುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಕೂಡಿ ಬಿಳಿಯ ಗಸಿಯಾಗುತ್ತವೆ. ಈ ಗಸಿ ಕೂದಲಿಗೆ ಅಂಟಿ ತಲೆ ಒರಟಾಗುತ್ತದೆ, ಬಾಚುವಾಗ ಕೂದಲು ತುಂಡಾಗುತ್ತದೆ. ಮೈಸೋಪಿನಲ್ಲಿಯೇ ತಲೆ ತೊಳೆಯುವ ಹುಡುಗರು ಇದನ್ನು ಗಮನಿಸಬೇಕು.

ಸೀಗೆಕಾಯಿ, ಅಂಟುವಾಳಗಳಲ್ಲಿರುವ ನೊರೆ ಕೊಡುವ ಅಂಶ ಸ್ಯಾಪೋನಿನ್. ಅದು ಸೋಪಿನಂತೆ ಗಸಿಕಟ್ಟುವುದಿಲ್ಲ. ಶಾಂಪೂ ಕೂಡ ಗಡಸು ನೀರಿನಲ್ಲಿ ಕೆಲಸ ಮಾಡುತ್ತದೆ. 1980ರ ದಶಕದಲ್ಲಿ ತಮಿಳುನಾಡಿನಿಂದ ಹಬ್ಬಿದ ಪುಟ್ಟ ಪೊಟ್ಟಣಗಳು ಶಾಂಪೂವನ್ನು ಹಳ್ಳಿಯ ಗೂಡಂಗಡಿಗೂ ತಲುಪಿಸಿದವು. ಸೀಗೆಯೋ ಶಾಂಪೂವೋ ಎಂಬ ವಾದಕ್ಕಿಂತ, ಚೆನ್ನಾಗಿ ತೊಳೆದುಹೋಗುವಷ್ಟು ನೀರು ಹಾಕುವುದು ಮುಖ್ಯ. ಸಂಗ್ರಹಿಸಿಟ್ಟ ಮಳೆನೀರಿದ್ದರೆ ಕೊನೆಯ ಎರಡು ಚೊಂಬಿಗೆ ಅದನ್ನು ಬಳಸಬಹುದು.

ಮಳೆಗಾಲ: ಒದ್ದೆ ಜಡೆ ಮತ್ತು ಹೇನು

ಮಂಡ್ಯ ಸೀಮೆಯಲ್ಲಿ ಮಲೆನಾಡಿನಂತೆ ಜೂನ್‌ನಿಂದಲೇ ಎಡೆಬಿಡದೆ ಮಳೆ ಸುರಿಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿಯೇ ಇಲ್ಲಿ ಮಳೆ ಹೆಚ್ಚು. ಬೆಳಗಿನ ಬಸ್ಸಿನ ಅವಸರದಲ್ಲಿ ಒದ್ದೆ ಕೂದಲನ್ನೇ ಬಿಗಿಯಾಗಿ ಎರಡು ಜಡೆ ಹಾಕಿ ಟೇಪು ಕಟ್ಟಿದರೆ ಸಂಜೆಯವರೆಗೂ ಬುಡ ಆರುವುದಿಲ್ಲ. ವಾಸನೆ, ತುರಿಕೆ ಶುರುವಾಗುತ್ತದೆ. ಒದ್ದೆ ಕೂದಲು ಎಳೆದರೆ ಬೇಗ ತುಂಡಾಗುತ್ತದೆ. ಹಿಂದಿನ ಸಂಜೆಯೇ ತಲೆಸ್ನಾನ ಮಾಡಿ ಒಣಗಿಸಿಕೊಳ್ಳುವುದು ಇದಕ್ಕೆ ಸುಲಭ ಪರಿಹಾರ. ಹಣೆಯ ಅಂಚಿನ ಕೂದಲು ತೆಳುವಾಗುತ್ತಿದ್ದರೆ ಜಡೆಯ ಬಿಗಿಯೇ ಕಾರಣವಿರಬಹುದು. ಸಡಿಲ ಜಡೆಗೆ ಶಾಲೆಯವರೂ ಅಡ್ಡಿ ಮಾಡಲಾರರು.

ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ತುಂಡಾಗಿ, ಹೊಟ್ಟೆದ್ದು ಕೆರೆತವಿದ್ದರೆ ಅದು ಹುಳಕಡ್ಡಿಯಿರಬಹುದು. ಇದು ಶಿಲೀಂಧ್ರದ ಸೋಂಕು. ಒಂದೇ ಬಾಚಣಿಗೆ, ಟೋಪಿ ಬಳಸುವುದರಿಂದ ಹರಡುತ್ತದೆ. ತಲೆಯ ಹುಳಕಡ್ಡಿಗೆ ಮುಲಾಮು ಸಾಲದು. ವೈದ್ಯರು ಹೇಳಿದಷ್ಟು ವಾರ ಮಾತ್ರೆ ನುಂಗಬೇಕಾಗುತ್ತದೆ.

ಇನ್ನು ಹೇನು. ಇದು ಕೊಳಕಿನ ಗುರುತಲ್ಲ. ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ತಲೆಗೆ ತಲೆ ತಗುಲಿದಾಗ ತೆವಳಿ ದಾಟುತ್ತದೆ. ಒಂದೇ ಬೆಂಚಿನಲ್ಲಿ ತಲೆ ಸೇರಿಸಿ ಓದುವ, ಹಾಸ್ಟೆಲಿನಲ್ಲಿ ಪಕ್ಕಪಕ್ಕ ಮಲಗುವ ಮಕ್ಕಳಿಗೆ ಅದು ಬರುವುದು ಆಶ್ಚರ್ಯವಲ್ಲ. ಹೇನಿದೆ ಎಂದು ಒಬ್ಬಳೇ ಹುಡುಗಿಯನ್ನು ಹಿಂದಿನ ಬೆಂಚಿಗೆ ಕಳಿಸುವುದರಿಂದ, ಹಟಮಾಡಿ ತಲೆ ಬೋಳಿಸುವುದರಿಂದ ಹೇನಿಗಿಂತ ದೊಡ್ಡ ಗಾಯವಾಗುತ್ತದೆ. ಆ ಹುಡುಗಿ ಮರುದಿನ ಶಾಲೆಗೆ ಹೋಗಲು ಒಪ್ಪದಿದ್ದರೆ ತಪ್ಪು ಯಾರದು?

ಇದಕ್ಕಿಂತ ಅಪಾಯದ ಇನ್ನೊಂದು ರೂಢಿಯಿದೆ. ಕಬ್ಬು, ಭತ್ತ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬ ಕೈಗೆಟಕುವಂತಿರುತ್ತದೆ. ಬೆಳೆಯ ಹುಳು ಸಾಯುವ ಔಷಧಿಗೆ ತಲೆಯ ಹೇನು ಸಾಯದೆ ಎಂದು ಅದನ್ನು ಮಕ್ಕಳ ತಲೆಗೆ ಸವರುವುದು ಜೀವಕ್ಕೇ ಎರವಾಗಬಲ್ಲದು. ಅನೇಕ ಕೀಟನಾಶಕಗಳು ಚರ್ಮದ ಮೂಲಕವೇ ರಕ್ತ ಸೇರುತ್ತವೆ. ಕೆರೆದು ಗಾಯವಾದ ನೆತ್ತಿಯಲ್ಲಿ ಇನ್ನೂ ಬೇಗ. ಸೀಮೆಎಣ್ಣೆಯೂ ಬೇಡ. ಚರ್ಮ ಸುಡುತ್ತದೆ, ಒಲೆಯ ಬಳಿ ಹೋದರೆ ಬೆಂಕಿಯ ಭಯವೂ ಇದೆ.

ಸರಿಯಾದ ದಾರಿ ಸುಲಭವಾಗಿಯೇ ಇದೆ. ಶೇಕಡ 1ರ ಪರ್ಮೆಥ್ರಿನ್ ದ್ರಾವಣ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಸೀರು ಒಡೆದು ಮರಿ ಹೊರಬರಲು ಏಳರಿಂದ ಒಂಬತ್ತು ದಿನ ಬೇಕು. ಆದ್ದರಿಂದ ವಾರ ಹತ್ತು ದಿನಕ್ಕೆ ಎರಡನೆಯ ಬಾರಿ ಹಚ್ಚಬೇಕು. ಮನೆಮಂದಿಯ ತಲೆಗಳನ್ನೆಲ್ಲ ಒಂದೇ ದಿನ ನೋಡಬೇಕು. ಒದ್ದೆ ಕೂದಲಲ್ಲಿ ಸೀರಣಿಗೆ ಎಳೆಯುವ ಹಳೆಯ ಪದ್ಧತಿಯನ್ನು ಜೊತೆಗೆ ಮುಂದುವರಿಸಬೇಕು.

ಚಳಿಗಾಲ: ಹೊಟ್ಟು ಮತ್ತು ಹಳೆಯ ಜ್ವರ

ದೀಪಾವಳಿ ಕಳೆದು ಒಣಗಾಳಿ ಬೀಸತೊಡಗಿದಾಗ ತಲೆಹೊಟ್ಟು ಹೆಚ್ಚುತ್ತದೆ. ಹೊಟ್ಟಿಗೆ ಎಣ್ಣೆ ಸುರಿಯುವುದು ಸಾಮಾನ್ಯ. ಆದರೆ ಹೊಟ್ಟಿನಲ್ಲಿ ಪಾಲಿರುವ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ. ಜಿಡ್ಡುಜಿಡ್ಡಾದ ಹೊಟ್ಟಿದ್ದರೆ ಎಣ್ಣೆ ಕಡಿಮೆ ಮಾಡಿ, ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸುವುದು ರೂಢಿಯ ಚಿಕಿತ್ಸೆ. ಹಚ್ಚಿದೊಡನೆ ತೊಳೆಯದೆ ಮೂರರಿಂದ ಐದು ನಿಮಿಷ ಬಿಡಬೇಕು. ಸುಡುವ ನೀರು ನೆತ್ತಿಯನ್ನು ಇನ್ನಷ್ಟು ಒಣಗಿಸುತ್ತದೆ. ಉಗುರು ಬೆಚ್ಚಗಿನ ನೀರು ಸಾಕು.

ಸಂಕ್ರಾಂತಿಯ ಹೊತ್ತಿಗೆ ಕೆಲವು ಹೆಣ್ಣುಮಕ್ಕಳ ಕೂದಲು ಹಿಡಿ ಹಿಡಿಯಾಗಿ ಬರುವುದುಂಟು. ತಾಯಿ ಹೊಸ ಶಾಂಪೂವನ್ನು ದೂರುತ್ತಾಳೆ, ತಂದೆ ಹಾಸ್ಟೆಲಿನ ನೀರನ್ನು. ಆದರೆ ಕಾರಣ ಎಷ್ಟೋ ವೇಳೆ ಹಿಂದಿನ ಋತುವಿನಲ್ಲಿರುತ್ತದೆ. ಡೆಂಗಿ, ಚಿಕುನ್‌ಗುನ್ಯ, ಟೈಫಾಯಿಡ್‌ನಂಥ ಜೋರು ಜ್ವರ ಬಂದಾಗ ಬೆಳೆಯುತ್ತಿದ್ದ ಕೂದಲುಗಳು ಒಮ್ಮೆಲೆ ವಿಶ್ರಾಂತಿಗೆ ಜಾರುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ನಂತರ. ಅಕ್ಟೋಬರ್‌ನ ಜ್ವರ ಜನವರಿಯಲ್ಲಿ ಬಾಚಣಿಗೆಗೆ ಬರುತ್ತದೆ. ಇದು ಬೋಳಾಗುವ ಸೂಚನೆಯಲ್ಲ. ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ, ಕೂದಲು ಮತ್ತೆ ಬರುತ್ತದೆ. ದುಬಾರಿ ತೈಲಗಳಿಗೆ ಹಣ ಸುರಿಯುವ ಮೊದಲು ಕ್ಯಾಲೆಂಡರನ್ನು ಮೂರು ತಿಂಗಳು ಹಿಂದಕ್ಕೆ ತಿರುವುವುದು ಲೇಸು.

ಜ್ವರವಿಲ್ಲದೆಯೂ ತಿಂಗಳುಗಟ್ಟಲೆ ಉದುರುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಕೊರತೆ ಕೂದಲಿಗೂ ತಟ್ಟುತ್ತದೆ. ಅದಕ್ಕಿಂತ ಮೊದಲು ಓದಿಗೆ ತಟ್ಟುತ್ತದೆ. ಆಯಾಸ, ತಲೆಸುತ್ತು, ಗಮನ ನಿಲ್ಲದಿರುವುದು ಇವೆಲ್ಲ ಅದರ ಲಕ್ಷಣಗಳೇ. ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ, ನಿಂಬೆಹಣ್ಣು, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಇವು ಯಾವ ಕೇಶತೈಲಕ್ಕಿಂತಲೂ ಮೇಲು.

ಉಷ್ಣ ಇಳಿಯುತ್ತದೆಂಬ ಅಜ್ಜಿಯ ಮಾತನ್ನು ವೈದ್ಯಶಾಸ್ತ್ರ ಒಪ್ಪದಿರಬಹುದು. ಆದರೆ ಎಣ್ಣೆ ಒತ್ತುವಾಗ ಆಕೆ ಬೈತಲೆ ಬಿಡಿಸಿ ನೋಡುತ್ತಿದ್ದಳು. ಸೀರು, ಗುಳ್ಳೆ, ಹೊಟ್ಟು, ತೆಳುವಾದ ಜಾಗ ಎಲ್ಲವೂ ಮೊದಲು ಕಾಣುತ್ತಿದ್ದುದು ಆಕೆಯ ಕಣ್ಣಿಗೆ. ಹಾಸ್ಟೆಲಿನಿಂದ ರಜೆಗೆ ಬಂದ ಮಗಳ ತಲೆಯನ್ನು ಬೆಳಕಿಗೆ ಹಿಡಿದು ಐದು ನಿಮಿಷ ನೋಡುವುದು ಇಂದಿನ ಅಪ್ಪ ಅಮ್ಮಂದಿರಿಗೂ ಕಷ್ಟವೇನಲ್ಲ. ಅದಕ್ಕೆ ಹಬ್ಬದವರೆಗೆ ಕಾಯಬೇಕಾಗಿಯೂ ಇಲ್ಲ.