ಬಂಕಿನ ಮುಂದಣ ಸಾಲು

2024ನೆಯ ಇಸವಿಯ ಜನವರಿ 2ರಂದು ಹೈದರಾಬಾದು, ನಾಗಪುರ, ಇಂದೋರು, ಚಂಡೀಗಢ ಮೊದಲಾದ ನಗರಗಳಲ್ಲಿ ಸ್ಕೂಟರು, ಕಾರು, ಆಟೋರಿಕ್ಷಾಗಳ ಸಾಲು ಪೆಟ್ರೋಲ್ ಬಂಕುಗಳ ಅಂಗಳವನ್ನು ತುಂಬಿ, ಬೀದಿಗಿಳಿದು, ಉಳಿದ ಸಂಚಾರವನ್ನೂ ತಡೆಯುವಷ್ಟು ಬೆಳೆದಾಗ, ದೇಶದ ತೈಲ ಶುದ್ಧೀಕರಣಾಗಾರಗಳು ಎಂದಿನಂತೆಯೇ ನಡೆಯುತ್ತಿದ್ದುವು. ನಿಂತದ್ದು ಲಾರಿಗಳು ಮಾತ್ರ. ದುಡುಕಿನ ಚಾಲನೆಯಿಂದ ಒಬ್ಬರ ಮರಣಕ್ಕೆ ಕಾರಣನಾಗಿ, ಆ ಸಂಗತಿಯನ್ನು ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷಗಳವರೆಗಿನ ಕಾರಾವಾಸವನ್ನು ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಉಪಕಲಮನ್ನು ವಿರೋಧಿಸಿ ಚಾಲಕರು ಮುಷ್ಕರ ಹೂಡಿದ್ದರು. ನಿಂತರೆ ಜನರ ಹೊಡೆತ, ಓಡಿದರೆ ಹತ್ತು ವರ್ಷದ ಸೆರೆ ಎಂಬ ಅವರ ಸಂಕಟ ಅಲ್ಪವಾದುದಲ್ಲ. ಕೆಲವೆಡೆಗಳಲ್ಲಿ ತೈಲದ ಟ್ಯಾಂಕರುಗಳ ಚಾಲಕರೂ ಅವರೊಡನೆ ಸೇರಿದರು. ಅಂದಿನ ರಾತ್ರಿಯೇ ಕೇಂದ್ರ ಗೃಹ ಕಾರ್ಯದರ್ಶಿಗಳಿಗೂ ಸಾಗಣೆದಾರರ ಸಂಘಕ್ಕೂ ಮಾತುಕತೆ ನಡೆದು, ಸಂಘದೊಡನೆ ಸಮಾಲೋಚಿಸಿದ ಮೇಲಲ್ಲದೆ ಆ ಉಪಕಲಮನ್ನು ಜಾರಿಗೆ ತರುವುದಿಲ್ಲವೆಂಬ ಭರವಸೆ ದೊರೆತು, ಮುಷ್ಕರ ನಿಂತಿತು. ಅಷ್ಟರೊಳಗೆ ಎಷ್ಟೋ ಬಂಕುಗಳು ಬರಿದಾಗಿದ್ದುವು.

ಎಣ್ಣೆ ಸಿಗದೆಂಬ ಭಯದಿಂದ ಹೀಗೆ ಬಂಕುಗಳಿಗೆ ಮುಗಿಬೀಳುವುದನ್ನು ಜನರ ಅವಿವೇಕವೆಂದು ಹಳಿಯುವುದು ವಾಡಿಕೆಯಾಗಿದೆ. ನನಗೆ ಹಾಗೆ ತೋರುವುದಿಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ಸುದ್ದಿ ಕಿವಿಗೆ ಬಿದ್ದ ಗೃಹಿಣಿ ಅಂದು ರಾತ್ರಿಯೇ ಮನೆಯ ಹಂಡೆ ಕೊಡಗಳನ್ನೆಲ್ಲ ತುಂಬಿಡುವುದು ಹೇಗೆ ಅವಿವೇಕವಲ್ಲವೋ ಹಾಗೆಯೇ, ಪಕ್ಕದ ಮನೆಯವನು ಟ್ಯಾಂಕು ತುಂಬಿಸಿಕೊಂಡು ಬಂದುದನ್ನು ಕಂಡವನು ತಾನೂ ಹೊರಡುವುದು ಅವಿವೇಕವಲ್ಲ. ಸುದ್ದಿ ಬೆಳಗ್ಗೆ ಸುಳ್ಳಾಗಿದ್ದರೂ, ಅದನ್ನು ನಂಬಿದವರ ಸಂಖ್ಯೆಯಿಂದಲೇ ಸಾಯಂಕಾಲಕ್ಕೆ ನಿಜವಾಗಿ ಪರಿಣಮಿಸುತ್ತದೆ. ನಂಬದೆ ಮನೆಯಲ್ಲಿ ಕುಳಿತವನೇ ಮರುದಿನ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರು 1948ರಲ್ಲಿ, ದಿವಾಳಿಯಾಗುತ್ತದೆಂಬ ವದಂತಿಯಿಂದಲೇ ದಿವಾಳಿಯಾಗುವ ಬ್ಯಾಂಕಿನ ದೃಷ್ಟಾಂತದಿಂದ ವಿವರಿಸಿದುದು ಇದೇ ವ್ಯಾಪಾರವನ್ನು.

ಒಂದು ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ ಹತ್ತು ಸಾವಿರ ಕಾರುಗಳಿವೆಯೆಂದೂ, ಒಂದೊಂದರ ಟ್ಯಾಂಕು 40 ಲೀಟರು ಹಿಡಿಯುತ್ತದೆಂದೂ, ಸಾಧಾರಣ ದಿನಗಳಲ್ಲಿ ಅವು ಸರಾಸರಿ ಅರ್ಧದಷ್ಟು ತುಂಬಿರುತ್ತವೆಂದೂ ಭಾವಿಸಿಕೊಳ್ಳಿ. ಯಾರೂ ಡಬ್ಬಿಗಳಲ್ಲಿ ಸಂಗ್ರಹಿಸುವುದು ಬೇಡ. ಅರ್ಧಕ್ಕೆ ಬದಲಾಗಿ ಮುಕ್ಕಾಲು ಟ್ಯಾಂಕು ಇರಲೆಂದು ಎಲ್ಲರೂ ಒಂದೇ ದಿನ ಬಯಸಿದರೆ ಸಾಕು, ನಿತ್ಯದ ಮಾರಾಟದ ಮೇಲೆ ಒಂದು ಲಕ್ಷ ಲೀಟರು ಹೆಚ್ಚಾಗಿ ಬೇಕಾಗುತ್ತದೆ. ನಮ್ಮ ರಸ್ತೆಗಳಲ್ಲಿ ಓಡಾಡುವ 20,000 ಲೀಟರಿನ ಟ್ಯಾಂಕರುಗಳಲ್ಲಿ ಅದು ಐದು ಲೋಡು. 12,000 ಲೀಟರಿನವಾದರೆ ಎಂಟಕ್ಕೂ ಮಿಗಿಲು. ಕಂಪನಿಗೆ ಮುಂಗಡ ಹಣ ಕಟ್ಟಿ ಲೋಡು ತರಿಸುವ ಬಂಕಿನ ಮಾಲೀಕನು ಕೆಲವೇ ದಿನಗಳ ವ್ಯಾಪಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಇಟ್ಟುಕೊಂಡಿರುತ್ತಾನೆ. ಟ್ಯಾಂಕರುಗಳೂ ಚಾಲಕರೂ ಆ ನಿತ್ಯದ ಅಳತೆಗೇ ಹೊಂದಿಕೊಂಡಿರುತ್ತಾರೆ. ಆದುದರಿಂದ ಎಣ್ಣೆ ದೇಶವನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲದಿದ್ದರೂ, ಬಂಕಿನ ನೆಲದಡಿಯ ತೊಟ್ಟಿಯಿಂದ ಮನೆಗಳ ಮುಂದೆ ಸುಮ್ಮನೆ ನಿಂತ ವಾಹನಗಳ ಒಡಲಿಗೆ ಸೇರಿ, ಬೇಕಾದವನಿಗೆ ಇಲ್ಲದಂತಾಗುತ್ತದೆ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಆದುದೂ ಇದೇ. ಲಾರಿ ಚಾಲಕರ ಕೊರತೆಯಿಂದ ಕೆಲವೇ ಕೆಲವು ಬಂಕುಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಗಿದೆಯೆಂಬ ಬಿಪಿ ಕಂಪನಿಯ ಮಾತು 23ರಂದು ಹೊರಬಿದ್ದಿತು. ಕೊರತೆ ನಿಜವಾದುದೇ, ಯುರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ಹೊರನಾಡಿನ ಚಾಲಕರು ಹಿಂದಿರುಗಿದ್ದರು, ಕೋವಿಡ್ ಕಾಲದಲ್ಲಿ ಚಾಲನಾ ಪರೀಕ್ಷೆಗಳು ನಿಂತಿದ್ದುವು, ಒಟ್ಟು ಒಂದು ಲಕ್ಷ ಚಾಲಕರ ಕೊರತೆಯಿದೆಯೆಂದು ಅಲ್ಲಿನ ಸಾಗಣೆದಾರರ ಸಂಘ ಅಂದಾಜು ಮಾಡಿದ್ದಿತು. ಆದರೆ ಸಚಿವರು ಎಂದಿನಂತೆಯೇ ನಡೆದುಕೊಳ್ಳಿರೆಂದು ಹೇಳಿದ ಒಡನೆಯೇ ಸಾಲುಗಳು ಬೆಳೆದುವು. 26ರ ಹೊತ್ತಿಗೆ ಸುಮಾರು 5,500 ಬಂಕುಗಳ ಚಿಲ್ಲರೆ ಮಾರಾಟಗಾರರ ಸಂಘವು, ಕೆಲವು ಪ್ರದೇಶಗಳಲ್ಲಿ ತನ್ನ ಸದಸ್ಯರ ಬಂಕುಗಳಲ್ಲಿ ಶೇಕಡ 50ರಿಂದ 90ರವರೆಗೆ ಒಣಗಿವೆಯೆಂದು ತಿಳಿಸಿತು. ಅಕ್ಟೋಬರ್ 4ರಿಂದ ಸೈನಿಕರು ಟ್ಯಾಂಕರು ನಡೆಸಬೇಕಾಯಿತು.

ಅದೇ ದೇಶದಲ್ಲಿ 2012ರ ಮಾರ್ಚಿನಲ್ಲಿ ಟ್ಯಾಂಕರ್ ಚಾಲಕರ ಮುಷ್ಕರದ ಮಾತು ಕೇಳಿಬಂದಾಗ ಫ್ರಾನ್ಸಿಸ್ ಮಾಡ್ ಎಂಬ ಸಚಿವರು ಮನೆಯ ಗ್ಯಾರೇಜಿನಲ್ಲಿ ಒಂದು ಡಬ್ಬಿ ಪೆಟ್ರೋಲ್ ಇಟ್ಟುಕೊಳ್ಳುವುದು ಒಳಿತೆಂದು ಸಲಹೆಯಿತ್ತಿದ್ದರು. ಆ ದಿನಗಳಲ್ಲಿಯೇ ಯಾರ್ಕ್ ನಗರದ ಮಹಿಳೆಯೊಬ್ಬರು ಅಡುಗೆಮನೆಯಲ್ಲಿ ಪೆಟ್ರೋಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಾಗ ಬೆಂಕಿ ತಗುಲಿ ತೀವ್ರವಾಗಿ ಸುಟ್ಟುಕೊಂಡರು. ಮುಷ್ಕರವಾದರೋ ಕಡೆಗೂ ನಡೆಯಲೇ ಇಲ್ಲ. ಅಧಿಕಾರದಲ್ಲಿರುವವರು ಇಂಥ ವೇಳೆಯಲ್ಲಿ ಆಡುವ ಒಂದೊಂದು ಮಾತಿಗೂ ಇಷ್ಟು ತೂಕವುಂಟು. ಬರಿಯ ಸಮಾಧಾನದ ಮಾತನ್ನು ಕೇಳಿದ ಜನ, ಸಮಾಧಾನ ಹೇಳಬೇಕಾದಂಥದು ಏನೋ ನಡೆದಿದೆಯೆಂದೇ ತಿಳಿಯುತ್ತಾರೆ.

ಹಾಗಾದರೆ ಹಂಚುವ ಬಗೆ ಯಾವುದು? ಚಂಡೀಗಢದ ಆಡಳಿತವು 2024ರ ಜನವರಿ 2ರಂದು ದ್ವಿಚಕ್ರ ವಾಹನಕ್ಕೆ 2 ಲೀಟರು, ನಾಲ್ಕು ಚಕ್ರದ ವಾಹನಕ್ಕೆ 5 ಲೀಟರು ಎಂದು ಮಿತಿಯನ್ನು ಗೊತ್ತುಪಡಿಸಿತು. ಬ್ರಿಟನ್ನಿನ ಒಂದು ಬಂಕು ಸಮೂಹವು 2021ರಲ್ಲಿ ಗಿರಾಕಿಯೊಬ್ಬನಿಗೆ 30 ಪೌಂಡೆಂದು ಕಟ್ಟುಮಾಡಿತು. ತೊಟ್ಟಿಯಲ್ಲಿ ಉಳಿದುದನ್ನು ಹೆಚ್ಚು ಜನರಿಗೆ ಮುಟ್ಟಿಸುವುದಕ್ಕೆ ಇದು ನೆರವಾಗುತ್ತದೆಂಬುದು ದಿಟ. ಆದರೆ ಮುಕ್ಕಾಲು ತುಂಬಿದ ಟ್ಯಾಂಕಿಗೆ ಇನ್ನೈದು ಲೀಟರು ಸೇರಿಸಲು ಬಂದವನನ್ನು ಈ ಮಿತಿ ತಡೆಯುವುದೇ ಇಲ್ಲ. ದೂರ ಹೋಗಬೇಕಾದವನನ್ನು ಮಾತ್ರ ಎರಡು ಮೂರು ಸಲ ಸಾಲಿನಲ್ಲಿ ನಿಲ್ಲಿಸುತ್ತದೆ. 1979ರಲ್ಲಿ ಇರಾನಿನ ಕ್ರಾಂತಿಯ ತರುವಾಯ ಪೆಟ್ರೋಲ್ ಸಾಲದಾದಾಗ ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆ ತದ್ವಿರುದ್ಧವಾಗಿ, ಇಷ್ಟಕ್ಕಿಂತ ಕಡಮೆ ಕೊಳ್ಳಕೂಡದೆಂಬ ಕನಿಷ್ಠ ಪರಿಮಾಣವನ್ನು ವಿಧಿಸಿದುವು. ಟ್ಯಾಂಕಿನಲ್ಲಿ ಸಾಕಷ್ಟಿದ್ದವನು ಸಾಲಿಗೆ ಬರುವುದರಲ್ಲಿ ಅರ್ಥವಿಲ್ಲದಂತೆ ಮಾಡಿದ ಈ ನಿಯಮವೇ ರೋಗದ ಬೇರನ್ನು ಮುಟ್ಟಿತೆಂದು ನನ್ನ ಎಣಿಕೆ.

ಆದರೂ ಅದನ್ನು ಯಥಾವತ್ತಾಗಿ ಇಲ್ಲಿಗೆ ತರಲಾಗದು. ದಿನದ ಸಂಪಾದನೆಯಲ್ಲಿ ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡು ಮನೆಮನೆಗೆ ಊಟ ತಲುಪಿಸುವ ಹುಡುಗನಿಗೂ, ರಾತ್ರಿಪಾಳಿಗೆ ಸ್ಕೂಟರಿನಲ್ಲಿ ಹೋಗುವ ದಾದಿಗೂ ಕನಿಷ್ಠ ಪರಿಮಾಣದ ನಿಯಮವೆಂದರೆ ಬಂಕಿನ ಬಾಗಿಲು ಮುಚ್ಚಿದಂತೆಯೇ ಸರಿ. ಸಾಲಿನಲ್ಲಿ ಮೂರು ಗಂಟೆ ನಿಂತರೆ ಅಂದಿನ ಕೂಲಿಯೇ ಹೋಗುವವರೂ ಇವರೇ. ಆದುದರಿಂದ ಕನಿಷ್ಠ ಪರಿಮಾಣವು ಕಾರುಗಳಿಗೆ ಮಾತ್ರ ಇರತಕ್ಕದ್ದು. ದ್ವಿಚಕ್ರಗಳಿಗೂ ಆಟೋಗಳಿಗೂ ಬೇರೆ ಸಾಲಿರತಕ್ಕದ್ದು. ಆಸ್ಪತ್ರೆಗಳ ಸಮೀಪದ ಬಂಕುಗಳಿಗೆ ಮೊದಲ ಲೋಡು ಹೋಗತಕ್ಕದ್ದು. ಇವನ್ನೆಲ್ಲ ಜಿಲ್ಲಾಧಿಕಾರಿಗಳು ಮುಷ್ಕರದ ದಿನ ಅವಸರದಲ್ಲಿ ಯೋಚಿಸದೆ, ನೆಮ್ಮದಿಯ ದಿನಗಳಲ್ಲಿಯೇ ಗೊತ್ತುಮಾಡಿ ಪ್ರಕಟಿಸಿ, ಕೊರತೆ ಬಂದಾಗ ಪ್ರತಿಯೊಂದು ಬಂಕಿನ ಮುಂದೆಯೂ ‘ನೋ ಸ್ಟಾಕ್’ ಎಂಬ ಹಲಗೆಗೆ ಬದಲಾಗಿ ಮುಂದಿನ ಲೋಡು ಎಷ್ಟು ಗಂಟೆಗೆ ಬರುತ್ತದೆಂಬುದನ್ನು ಬರೆಯಿಸಿಡಬೇಕು.