ಹೊಲೊಗ್ರಫಿ: ಗಾಳಿಯಲ್ಲಿ ತೇಲುವ ಚಿತ್ರವಲ್ಲ, ಕಂಪನದ ಅಳತೆಗೋಲು

ಮೊಬೈಲಿನ ಕೆಳಅಂಚಿನ ಸಣ್ಣ ತೂತಿನ ಹಿಂದೆ ಮೈಕ್ ಇರುತ್ತದೆ. ಅದರೊಳಗಿನ ಸಿಲಿಕಾನ್ ಪೊರೆಯ ಅಗಲ ಒಂದು ಮಿಲಿಮೀಟರಿನ ಆಸುಪಾಸು. ನಾವು ಮಾತಾಡಿದಾಗ ಅದು ಅಲುಗುವುದು ನ್ಯಾನೊಮೀಟರುಗಳ ಲೆಕ್ಕದಲ್ಲಿ. ಇಂಥ ಅಲುಗಾಟವನ್ನು ಡಿಜಿಟಲ್ ಹೊಲೊಗ್ರಫಿಯಿಂದ ಅಳೆಯಬಹುದು. ಆದರೆ ಆ ಹೆಸರು ಕೇಳಿದರೆ ನಮಗೆ ನೆನಪಾಗುವುದೇ ಬೇರೆ.

ತಪ್ಪು ಕಲ್ಪನೆ: ಹೊಲೊಗ್ರಾಂ ಎಂದರೆ ವೇದಿಕೆಯ ಮೇಲೆ ತೇಲಿಬರುವ ನಾಯಕರ ಆಕೃತಿ.

ವಾಸ್ತವ: ಅದು ಹೆಚ್ಚಾಗಿ ಪೆಪ್ಪರ್ಸ್ ಘೋಸ್ಟ್ ಎಂಬ 19ನೇ ಶತಮಾನದ ರಂಗತಂತ್ರ; ಓರೆಯಾಗಿಟ್ಟ ಗಾಜಿನಲ್ಲಿ ಕಾಣುವ ಪ್ರತಿಬಿಂಬ, ಅಷ್ಟೇ. ಡೆನಿಸ್ ಗಾಬರ್‌ಗೆ 1971ರ ನೊಬೆಲ್ ತಂದ ಹೊಲೊಗ್ರಫಿ ಬೆಳಕು ಎಷ್ಟು ಬಂತೆಂಬುದರ ಜೊತೆಗೆ, ಅದರ ಅಲೆ ಯಾವ ಹಂತದಲ್ಲಿ ಬಂತೆಂಬುದನ್ನೂ ದಾಖಲಿಸುತ್ತದೆ. ಅಂದು ಫಿಲಂ ಇದ್ದ ಜಾಗದಲ್ಲಿ ಇಂದು ಕ್ಯಾಮೆರಾ ಸೆನ್ಸರ್ ಇದೆ. ಉಳಿದದ್ದು ಕಂಪ್ಯೂಟರಿನ ಲೆಕ್ಕ.

ತಪ್ಪು ಕಲ್ಪನೆ: ಬೆಳಕಿನ ತರಂಗಾಂತರಕ್ಕಿಂತ ಚಿಕ್ಕದನ್ನು ಬೆಳಕಿನಿಂದ ಅಳೆಯಲಾಗದು.

ವಾಸ್ತವ: ಅರ್ಧ ನಿಜ. ತೀರಾ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣುವುದು ಕಷ್ಟ. ಆದರೆ ಒಂದು ಮೇಲ್ಮೈ ಎಷ್ಟು ಮೇಲೆದ್ದಿತು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಅಲೆಯ ಹಂತದಲ್ಲಿದೆ, ಮತ್ತು ಹಂತವನ್ನು ತರಂಗಾಂತರದ ಸಣ್ಣ ಭಾಗದವರೆಗೂ ಓದಬಹುದು.

ತಪ್ಪು ಕಲ್ಪನೆ: ಸೆಕೆಂಡಿಗೆ ಲಕ್ಷ ಸಲ ಅದುರುವುದನ್ನು ಹಿಡಿಯಲು ಅಷ್ಟೇ ವೇಗದ ಕ್ಯಾಮೆರಾ ಬೇಕು.

ವಾಸ್ತವ: ಬೇಡ. ಇದನ್ನು ನಂಬುವುದು ನಮಗೆ ಕಷ್ಟವಾದರೂ, 1965ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೊವೆಲ್ ಮತ್ತು ಸ್ಟೆಟ್ಸನ್ ಇದನ್ನು ತೋರಿಸಿಕೊಟ್ಟರು. ಒಂದೇ ದಾಖಲೆಯ ಅವಧಿಯಲ್ಲಿ ವಸ್ತು ಸಾವಿರಾರು ಸಲ ಅದುರಲಿ. ಸಾಮಾನ್ಯ ಫೋಟೊ ಆಗಿದ್ದರೆ ಮಸುಕಾಗುತ್ತಿತ್ತು. ಹೊಲೊಗ್ರಾಂನಲ್ಲಿ ಪಟ್ಟೆಗಳು ಮೂಡುತ್ತವೆ. ಒಂದು ತುದಿ ಬಿಗಿದ ಸಿಲಿಕಾನ್ ಪಟ್ಟಿಯನ್ನೇ ನೋಡಿ. ಅಲುಗದ ಬುಡ ಎಲ್ಲಕ್ಕಿಂತ ಪ್ರಕಾಶಮಾನ. ಹೀಲಿಯಂ-ನಿಯಾನ್ ಲೇಸರಿನ 632.8 ನ್ಯಾನೊಮೀಟರ್ ಕೆಂಪು ಬೆಳಕನ್ನು ನೇರವಾಗಿ ಹಾಯಿಸಿದ್ದರೆ, ಕಂಪನದ ವಿಸ್ತಾರ ಸುಮಾರು 121 ನ್ಯಾನೊಮೀಟರ್ ಇರುವಲ್ಲಿ ಮೊದಲ ಕಪ್ಪು ಪಟ್ಟೆ, ಸುಮಾರು 278 ಇರುವಲ್ಲಿ ಎರಡನೆಯದು. ಭೂಪಟದ ಸಮೋನ್ನತಿ ರೇಖೆಗಳಂತೆ ಇವನ್ನು ಎಣಿಸಿಕೊಂಡು ಹೋದರಾಯಿತು.

ಎಡಭಾಗ ಏಳುವಾಗ ಬಲಭಾಗ ಇಳಿಯುತ್ತಿತ್ತೇ ಎಂಬುದನ್ನು ಮಾತ್ರ ಈ ಪಟ್ಟೆಗಳು ಹೇಳವು. ಅದಕ್ಕೆ ಕಂಪನದ ತಾಳಕ್ಕೆ ಸರಿಯಾಗಿ ಲೇಸರನ್ನು ಮಿನುಗಿಸಬೇಕು.

ತಪ್ಪು ಕಲ್ಪನೆ: ಲೇಸರ್ ಬಿದ್ದರೆ ಸೂಕ್ಷ್ಮ ವಸ್ತು ಸುಟ್ಟುಹೋಗುತ್ತದೆ.

ವಾಸ್ತವ: ಲೋಹ ಕತ್ತರಿಸುವ ಲೇಸರ್ ಬೇರೆ, ಇದು ಬೇರೆ. ಕಿವಿತಮಟೆಯ ಕಂಪನವನ್ನೂ ಸಂಶೋಧಕರು ಹೀಗೆ ಅಳೆದಿದ್ದಾರೆ. ಅಂಟಿಸಿದ ಸೆನ್ಸರಿನ ಭಾರಕ್ಕೇ ಇಂಥ ಪೊರೆಯ ಕಂಪನ ಬದಲಾಗುತ್ತದೆ. ಬೆಳಕಿನಿಂದ ಆ ತೊಂದರೆಯಿಲ್ಲ.

ನಿಜವಾದ ತೊಡಕು ಉಪಕರಣವನ್ನಿಟ್ಟ ಮೇಜಿನ ಅಲುಗಾಟ. ಹೊರಗೆ ಲಾರಿ ಹೋದರೂ ಪಟ್ಟೆಗಳು ಕದಡಬಹುದು. ನ್ಯಾನೊಮೀಟರಿನ ಅಂಕಿಯನ್ನು ಯಾರಾದರೂ ಮುಂದಿಟ್ಟರೆ, ಉಪಕರಣ ಎಂಥ ಮೇಜಿನ ಮೇಲಿತ್ತು ಎಂದು ಮೊದಲು ಕೇಳಿ.